ಮುಳುಗಿಸಿದ ಮಾತ್ರಕ್ಕೆ ಕಲಿಸಿದಂತಾಗದು

ಶಾಲೆಯನ್ನು ವರ್ಚುವಲ್ ಜಗತ್ತಿಗೆ ಸಾಗಿಸಬೇಕೆಂಬ ವಾದಕ್ಕೆ ಈಗ ಇಪ್ಪತ್ತು ದಾಟಿದ ಪ್ರಾಯ. ಆಗಾಗ ಹೆಸರು ಬದಲಿಸಿಕೊಂಡಿದೆ, ಅಷ್ಟೇ. 2003ರಲ್ಲಿ ಅದು ಸೆಕೆಂಡ್ ಲೈಫ್ ಎಂಬ ಅಂತರ್ಜಾಲ ಜಗತ್ತು, 2015ರಲ್ಲಿ ಮೊಬೈಲ್ ಸಿಕ್ಕಿಸುವ ರಟ್ಟಿನ ಕನ್ನಡಕ, 2021ರಿಂದ ಈಚೆಗೆ ಮೆಟಾವರ್ಸ್. ತಲೆಗೆ ಹೆಡ್‌ಸೆಟ್ ಕಟ್ಟಿಕೊಂಡ ವಿದ್ಯಾರ್ಥಿ ಪ್ರಾಚೀನ ರೋಮ್‌ನ ಬೀದಿಯಲ್ಲೋ ಮನುಷ್ಯನ ರಕ್ತನಾಳದೊಳಗೋ ಓಡಾಡಿ ಬಂದರೆ ಪುಸ್ತಕ, ಕರಿಹಲಗೆ, ಮೇಷ್ಟರು ಮೂವರೂ ಸೇರಿ ಕೊಡಲಾಗದ್ದನ್ನು ಪಡೆಯುತ್ತಾನೆ ಎಂಬುದು ಅದರ ಸಾರ. ಸಭೆಗಳಲ್ಲಿ, ಪತ್ರಿಕಾ ಲೇಖನಗಳಲ್ಲಿ, ಮಾರಾಟದ ಕೈಪಿಡಿಗಳಲ್ಲಿ ಈ ವಾದವನ್ನು ಹೂಡುವವರು ಸಾಮಾನ್ಯವಾಗಿ ಏಳು ಮಾತು ಹೇಳುತ್ತಾರೆ. ಏಳನ್ನೂ ಒಂದೊಂದಾಗಿ ಪಾಟೀಸವಾಲಿಗೆ ಒಡ್ಡುವುದು ಇಲ್ಲಿನ ಕೆಲಸ. ನ್ಯಾಯಪೀಠದಲ್ಲಿ ಕೂತಿರುವ ಓದುಗರು ಒಂದೇ ಒಂದು ಪ್ರಶ್ನೆಯನ್ನು ಕೈಬಿಡದೆ ಹಿಡಿದುಕೊಂಡರೆ ಸಾಕು: ಇದರಿಂದ ಕಲಿಕೆ ಹೆಚ್ಚಾಯಿತೆ? ಕಲಿತದ್ದು ನೆನಪಿನಲ್ಲಿ ನಿಂತಿತೆ, ಹೊಸ ಸಂದರ್ಭದಲ್ಲಿ ಬಳಕೆಗೆ ಬಂತೆ ಎಂಬುದೇ ಅಳತೆ. ಬೆರಗು, ಖುಷಿ, ವೇಗ, ಆತ್ಮವಿಶ್ವಾಸ ಎಲ್ಲವೂ ಒಳ್ಳೆಯವೇ. ಆದರೆ ಇಲ್ಲಿ ವಿಚಾರಣೆಗೆ ಬಂದಿರುವುದು ಅವಲ್ಲ.

ಮೊದಲನೆಯ ಮಾತು: ‘ಮನುಷ್ಯ ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ಸ್ವತಃ ಮಾಡಿದ್ದರಲ್ಲಿ ಶೇ. 90 ನೆನಪಿಟ್ಟುಕೊಳ್ಳುತ್ತಾನೆ, ವರ್ಚುವಲ್ ಜಗತ್ತಿನಲ್ಲಿ ಅವನು ಸ್ವತಃ ಮಾಡುತ್ತಾನೆ.’ ಈ ಅಂಕಿಗಳನ್ನು ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಅವರ ಹೆಸರಿಗೆ ಬರೆಯುವುದು ವಾಡಿಕೆ. ಡೇಲ್ 1946ರಲ್ಲಿ ‘ಅನುಭವದ ಶಂಕು’ ಎಂಬ ಚಿತ್ರವನ್ನು ಪ್ರಕಟಿಸಿದ್ದು ನಿಜ. ಬುಡದಲ್ಲಿ ನೇರ ಅನುಭವ, ತುದಿಯಲ್ಲಿ ಶಬ್ದ ಸಂಕೇತಗಳು, ನಡುವೆ ಪ್ರದರ್ಶನ, ಪ್ರವಾಸ, ಚಲನಚಿತ್ರ ಇತ್ಯಾದಿ. ಆ ಚಿತ್ರದಲ್ಲಿ ಶೇಕಡಾವಾರು ಅಂಕಿ ಒಂದೂ ಇಲ್ಲ. ಇದು ಮೇಲುಕೀಳಿನ ಶ್ರೇಣಿಯೆಂದು ಭಾವಿಸಬಾರದು ಎಂದೂ ಅವರು ಎಚ್ಚರಿಸಿದ್ದರು. ಅಂಕಿಗಳು ಆಮೇಲೆ ಬೇರೆಯವರ ಕೈಯಿಂದ ಬಂದು ಅಂಟಿಕೊಂಡವು. ಯಾವ ಪಾಠ, ಎಂಥ ವಿದ್ಯಾರ್ಥಿಗಳು, ಎಷ್ಟು ದಿನದ ನಂತರ ಪರೀಕ್ಷೆ ಎಂದು ಕೇಳಿದರೆ ಉತ್ತರವಿಲ್ಲ. ನಿಜವಾದ ಪ್ರಯೋಗದಿಂದ ಬಂದ ಫಲಿತಾಂಶ ಹತ್ತು, ಇಪ್ಪತ್ತು ಎಂದು ಇಷ್ಟು ಶಿಸ್ತಾಗಿ ಸಾಲುಗಟ್ಟಿ ನಿಲ್ಲುವುದೂ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರ ಹಾಗೆ ಒಬ್ಬರಿಂದ ಒಬ್ಬರು ಈ ಪಟ್ಟಿಯನ್ನು ನಕಲು ಮಾಡಿಕೊಂಡಿದ್ದಾರೆ. ಇನ್ನೊಂದು ತಮಾಷೆಯೂ ಇದೆ. ಓದಿದ್ದರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಉಳಿಯುತ್ತದೆಂದು ಮನಸಾರೆ ನಂಬಿದವರು ಅದನ್ನು ನಮಗೆ ತಿಳಿಸಲು ಅಚ್ಚು ಹಾಕಿದ ಕೈಪಿಡಿಯನ್ನೇ ಏಕೆ ಹಂಚುತ್ತಾರೆ?

ಎರಡನೆಯ ಮಾತು: ‘ಅಲ್ಲೇ ಇದ್ದೇನೆ ಎಂಬ ಭಾವ ಹೆಚ್ಚಿದಷ್ಟೂ ಕಲಿಕೆ ಹೆಚ್ಚುತ್ತದೆ.’ ಇದು ಇಡೀ ವಾದದ ಮುಖ್ಯ ಕಂಬ. ಇದನ್ನು ಪರೀಕ್ಷಿಸಲಾಗಿದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಜೋಸ್ಲಿನ್ ಪರೋಂಗ್ ಮತ್ತು ರಿಚರ್ಡ್ ಮೇಯರ್ ಒಂದು ಗುಂಪಿಗೆ ದೇಹದ ಒಳಗಿನ ಜೀವಕೋಶಗಳ ಪಾಠವನ್ನು ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ನಲ್ಲಿ ಕೊಟ್ಟರು; ಇನ್ನೊಂದು ಗುಂಪಿಗೆ ಅದೇ ಪಾಠವನ್ನು ಸಾಮಾನ್ಯ ಸ್ಲೈಡ್‌ಗಳಲ್ಲಿ ಕೊಟ್ಟರು. ಹೆಡ್‌ಸೆಟ್ ಗುಂಪಿನವರಿಗೆ ಆಸಕ್ತಿ ಹೆಚ್ಚಿತ್ತು, ಖುಷಿ ಹೆಚ್ಚಿತ್ತು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದದ್ದು ಸ್ಲೈಡ್ ಗುಂಪು. 2019ರಲ್ಲಿ ಕೋಪನ್‌ಹೇಗನ್‌ನ ಗೈಡೋ ಮಕ್ರಾನ್ಸ್ಕಿ ಮೇಯರ್ ಜೊತೆ ಸೇರಿ ಇನ್ನೂ ಬಿಗಿಯಾದ ಪ್ರಯೋಗ ನಡೆಸಿದರು. ಒಂದೇ ಪ್ರಯೋಗಶಾಲೆಯ ಸಿಮ್ಯುಲೇಶನ್, ಒಮ್ಮೆ ಕಂಪ್ಯೂಟರ್ ಪರದೆಯಲ್ಲಿ, ಒಮ್ಮೆ ಹೆಡ್‌ಸೆಟ್‌ನಲ್ಲಿ. ಹೆಡ್‌ಸೆಟ್‌ನಲ್ಲಿ ‘ಅಲ್ಲೇ ಇರುವ ಭಾವ’ ಏರಿತು, ಕಲಿಕೆ ಇಳಿಯಿತು. ವಿದ್ಯಾರ್ಥಿಗಳ ಮಿದುಳಿನ ಅಲೆಗಳನ್ನೂ ಅಳೆದಿದ್ದರು. ಹೆಡ್‌ಸೆಟ್ ಹಾಕಿಕೊಂಡಾಗ ತಲೆಯ ಮೇಲಿನ ಹೊರೆ ಹೆಚ್ಚಿದ್ದು ಅಲ್ಲಿ ಕಂಡಿತು. ಸುತ್ತ ಮುತ್ತ ನೋಡುವುದಕ್ಕೇ ಗಮನ ಖರ್ಚಾದರೆ ಪಾಠಕ್ಕೆ ಉಳಿಯುವುದು ಕಡಿಮೆ.

ಎಲ್ಲ ಪ್ರಯೋಗಗಳೂ ಇದನ್ನೇ ಹೇಳುತ್ತವೆಯೆ? ಇಲ್ಲ. ವಿಆರ್ ಗೆದ್ದ ಪ್ರಯೋಗಗಳಿವೆ, ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಸಣ್ಣ ಸರಾಸರಿ ಲಾಭ ತೋರಿಸಿದ ವಿಶ್ಲೇಷಣೆಗಳೂ ಇವೆ. ಆದರೆ ಎದುರಾಳಿಗಳ ಮಾತು ‘ಕೆಲವೊಮ್ಮೆ ಸ್ವಲ್ಪ’ ಎಂಬುದಾಗಿರಲಿಲ್ಲ. ಮುಳುಗಿದಷ್ಟೂ ಕಲಿಯುತ್ತಾರೆ ಎಂಬ ನಿಯಮವನ್ನೇ ಅವರು ಸಾರಿದ್ದರು. ನಿಯಮವನ್ನು ಮುರಿಯಲು ವಿರುದ್ಧ ಸಾಕ್ಷಿ ಒಂದಿದ್ದರೂ ಸಾಕು, ಇಲ್ಲಿ ಎರಡಿವೆ. ಪರೋಂಗ್ ಮತ್ತು ಮೇಯರ್ ತಮ್ಮ ಎರಡನೆಯ ಪ್ರಯೋಗದಲ್ಲಿ ಕಂಡದ್ದು ಇನ್ನೂ ಸ್ವಾರಸ್ಯಕರ. ವಿಆರ್ ಪಾಠವನ್ನು ಭಾಗ ಮಾಡಿ, ಪ್ರತಿ ಭಾಗ ಮುಗಿದ ಮೇಲೆ ಸಾರಾಂಶ ಬರೆಯಲು ಹೇಳಿದಾಗ ಕಲಿಕೆ ಸುಧಾರಿಸಿತು. ಅಂದರೆ ಮುಳುಗುವಿಕೆಯಿಂದಾದ ಕೊರತೆಯನ್ನು ನೀಗಿಸಿದ್ದು ಮುಳುಗುವಿಕೆಗೆ ಕೊಟ್ಟ ತಡೆ! ನೋಡಿದ್ದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ ಎನ್ನುವ ಈ ಉಪಾಯವನ್ನು ನಮ್ಮ ಮೇಷ್ಟರುಗಳು ಬಳಪ, ಸ್ಲೇಟಿನ ಕಾಲದಿಂದಲೂ ಬಳಸುತ್ತಿದ್ದಾರೆ.

ಮೂರನೆಯ ಮಾತು: ‘ವಿಆರ್‌ನಲ್ಲಿ ನಾಲ್ಕು ಪಟ್ಟು ವೇಗವಾಗಿ ಕಲಿಯುತ್ತಾರೆ.’ ಸಲಹಾ ಸಂಸ್ಥೆಯಾದ ಪಿಡಬ್ಲ್ಯುಸಿ 2020ರಲ್ಲಿ ಪ್ರಕಟಿಸಿದ ವರದಿಯಿಂದ ಹೊರಟ ಈ ವಾಕ್ಯ ಈಗ ಲೋಕಸಂಚಾರಿ. ವರದಿಯ ಒಳಗೆ ಏನಿದೆ? ಕಂಪನಿಯ ಹೊಸ ವ್ಯವಸ್ಥಾಪಕರಿಗೆ, ಎಲ್ಲರನ್ನೂ ಒಳಗೊಳ್ಳುವ ನಾಯಕತ್ವ ಹೇಗಿರಬೇಕು ಎಂಬ ತರಬೇತಿ. ಅದೇ ತರಬೇತಿ ತರಗತಿಯಲ್ಲಿ 2 ಗಂಟೆ ಹಿಡಿಯಿತು, ಹೆಡ್‌ಸೆಟ್‌ನಲ್ಲಿ 29 ನಿಮಿಷ. ನಾಲ್ಕು ಪಟ್ಟು ಎಂಬುದು ಇಷ್ಟೇ: ಪಾಠ ಮುಗಿಯಲು ಹಿಡಿದ ಹೊತ್ತು. ಅರ್ಧ ಗಂಟೆಯ ಪಾಠ ಎರಡು ಗಂಟೆಯ ಪಾಠಕ್ಕಿಂತ ಬೇಗ ಮುಗಿಯುತ್ತದೆಂದು ತಿಳಿಯಲು ಹೆಡ್‌ಸೆಟ್ ಬೇಕಿರಲಿಲ್ಲ, ಗೋಡೆ ಗಡಿಯಾರ ಸಾಕಿತ್ತು. ಅದೇ ವರದಿಯ ಇನ್ನೊಂದು ಹೆಮ್ಮೆ, ಕಲಿತದ್ದನ್ನು ಜಾರಿಗೆ ತರುವ ಆತ್ಮವಿಶ್ವಾಸ ಶೇ. 275ರಷ್ಟು ಹೆಚ್ಚಿತು ಎಂಬುದು. ಆತ್ಮವಿಶ್ವಾಸ ತುಂಬಿ ತುಳುಕುವ, ಉತ್ತರ ಮಾತ್ರ ತಪ್ಪಾಗಿರುವ ಪತ್ರಿಕೆಗಳನ್ನು ತಿದ್ದಿದ ಯಾವ ಉಪಾಧ್ಯಾಯರಿಗೂ ಈ ಅಂಕಿಯ ಬೆಲೆ ವಿವರಿಸಬೇಕಾಗಿಲ್ಲ. ವಯಸ್ಕ ನೌಕರರಿಗೆ ಕೊಟ್ಟ ನಡವಳಿಕೆಯ ತರಬೇತಿಯೊಂದರ ಸಮಯಪಟ್ಟಿಯನ್ನು ಹಿಡಿದು ಎಂಟನೇ ತರಗತಿಯ ಬೀಜಗಣಿತದ ಬಗ್ಗೆ ಭರವಸೆ ಕೊಡುವುದು ತರ್ಕದ ಯಾವ ಶಾಖೆಗೆ ಸೇರುತ್ತದೋ ಎದುರಾಳಿಗಳೇ ಹೇಳಬೇಕು.

ನಾಲ್ಕನೆಯ ಮಾತು ಅವರ ಬ್ರಹ್ಮಾಸ್ತ್ರ: ‘ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಕಲಿಯುತ್ತಾರೆ, ಶಸ್ತ್ರವೈದ್ಯರು ವರ್ಚುವಲ್ ರಿಯಾಲಿಟಿಯಲ್ಲಿ ಕಲಿಯುತ್ತಾರೆ. ಇನ್ನೇನು ಪುರಾವೆ ಬೇಕು?’ ಈ ಎರಡೂ ಸತ್ಯ ಸಂಗತಿಗಳು, ಆದ್ದರಿಂದ ಸಾಕ್ಷಿಗಳನ್ನು ಗೌರವದಿಂದಲೇ ಕಟಕಟೆಗೆ ಕರೆಯೋಣ. ಪೈಲಟ್ ತರಬೇತಿಯ ಯಂತ್ರವನ್ನು ಎಡ್ವಿನ್ ಲಿಂಕ್ 1929ರಲ್ಲಿ ಕಟ್ಟಿದ. ತಂದೆಯ ಆರ್ಗನ್ ಕಾರ್ಖಾನೆಯಲ್ಲಿ ಕೆಲಸ ಕಲಿತವನು ಆರ್ಗನ್‌ನ ತಿದಿಗಳನ್ನೇ ಬಳಸಿ ವಿಮಾನದ ಓಲಾಟವನ್ನು ತಂದ. 1934ರಲ್ಲಿ ಅಂಚೆ ಸಾಗಿಸುವ ಹೊಣೆ ಹೊತ್ತ ಅಮೆರಿಕದ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸಾಲುಸಾಲಾಗಿ ಸತ್ತಾಗ ಸೇನೆ ಈ ಯಂತ್ರಗಳನ್ನು ಕೊಂಡಿತು. ಅದರೊಳಗೆ ಕೂತವನಿಗೆ ಏನು ಕಾಣುತ್ತಿತ್ತು? ಮೇಲೆ ಮುಚ್ಚಳ ಹಾಕಿದರೆ ಆಕಾಶವಿಲ್ಲ, ನೆಲವಿಲ್ಲ, ಮೋಡವಿಲ್ಲ. ಎದುರಿಗೆ ಮೀಟರ್‌ಗಳ ಸಾಲು, ಕಿವಿಯಲ್ಲಿ ಬೋಧಕನ ಧ್ವನಿ. ಹೊರಗಿನ ದೃಶ್ಯವನ್ನು ಕಿತ್ತುಹಾಕಿ, ಮೀಟರ್ ನಂಬಿ ಹಾರುವುದೊಂದನ್ನೇ ಕಲಿಸಿದ್ದು ಅದರ ಗುಣ. ಇನ್ನು ಶಸ್ತ್ರವೈದ್ಯರು. 2002ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಪ್ರಸಿದ್ಧ ಅಧ್ಯಯನದಲ್ಲಿ 16 ಮಂದಿ ತರಬೇತಿ ವೈದ್ಯರಿದ್ದರು. ವಿಆರ್ ತರಬೇತಿ ಪಡೆದವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಶೇ. 29ರಷ್ಟು ಬೇಗ ಮುಗಿಸಿದರು. ತರಬೇತಿ ಪಡೆಯದವರು ಪಿತ್ತಕೋಶಕ್ಕೆ ಗಾಯ ಮಾಡುವ ಇಲ್ಲವೇ ಪಕ್ಕದ ಅಂಗಾಂಶ ಸುಡುವ ಸಂಭವ ಐದು ಪಟ್ಟು ಹೆಚ್ಚಿತ್ತು. ಭರ್ಜರಿ ಫಲಿತಾಂಶವೇ. ಆದರೆ ಅಲ್ಲಿ ಬಳಸಿದ ಯಂತ್ರದಲ್ಲಿ ಹೆಡ್‌ಸೆಟ್ ಇರಲಿಲ್ಲ. ಮೇಜಿನ ಮೇಲೊಂದು ಕಂಪ್ಯೂಟರ್ ಪರದೆ, ಅದರ ಮುಂದೆ ನಿಜವಾದ ಶಸ್ತ್ರಚಿಕಿತ್ಸೆಯಲ್ಲಿ ಹಿಡಿಯುವಂಥ ಎರಡು ಹಿಡಿಕೆಗಳು, ಪರದೆಯ ಮೇಲೆ ಸರಳ ಆಕೃತಿಗಳು. ರಕ್ತವಿಲ್ಲ, ಆಪರೇಷನ್ ಕೋಣೆಯಿಲ್ಲ, ರೋಗಿಯೂ ಇಲ್ಲ. ನುರಿತ ವೈದ್ಯರ ಮಟ್ಟವನ್ನು ಮೊದಲು ಅಳೆದಿಟ್ಟು, ಕಲಿಯುವವರು ಆ ಮಟ್ಟ ಮುಟ್ಟುವವರೆಗೆ ಬಿಡದೆ ಅಭ್ಯಾಸ ಮಾಡಿಸಿದ್ದರು. ಹೀಗೆ ಎದುರಾಳಿಗಳು ಕರೆತಂದ ಅತ್ಯುತ್ತಮ ಸಾಕ್ಷಿಗಳಿಬ್ಬರೂ ನಮ್ಮ ಪರ ನುಡಿದಿದ್ದಾರೆ. ಕಲಿಸಿದ್ದು ಖಚಿತ ಗುರಿ, ಮರು ಅಭ್ಯಾಸ ಮತ್ತು ತಪ್ಪನ್ನು ಆಗಿಂದಾಗ ತೋರಿಸಿದ ವ್ಯವಸ್ಥೆ. ಬೆರಗಿನ ಜಗತ್ತು ಆ ಎರಡೂ ಕಡೆ ಗೈರುಹಾಜರಾಗಿತ್ತು.

ಐದನೆಯ ಮಾತು: ‘ಇದು ಇನ್ನೂ ಆರಂಭ, ಸ್ವಲ್ಪ ಕಾಲ ಕೊಡಿ.’ ಮೊದಲು ಇದರೊಳಗಿನ ವಿರೋಧಾಭಾಸ ನೋಡಿ. ಹಣ ಕೇಳುವಾಗ ವಿಆರ್ ‘ಸಾಬೀತಾದ ತಂತ್ರ’. ಲೆಕ್ಕ ಕೇಳಿದಾಗ ಅದು ‘ಆರಂಭದ ಹಂತ’. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿ. ಆರಂಭ ಎಂಬುದೂ ಸತ್ಯವಲ್ಲ. ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕ ಚಾರ್ಲ್ಸ್ ನೆಸನ್ ಮತ್ತು ಅವರ ಮಗಳು ರೆಬೆಕಾ 2006ರಲ್ಲೇ ಸೆಕೆಂಡ್ ಲೈಫ್ ಒಳಗೆ ಒಂದು ಕೋರ್ಸ್ ನಡೆಸಿದರು. ಆ ಕಾಲದಲ್ಲಿ ಹಲವಾರು ವಿಶ್ವವಿದ್ಯಾಲಯಗಳು ಅಲ್ಲಿ ದ್ವೀಪಗಳನ್ನು ಕೊಂಡು, ತಮ್ಮದೇ ಕಟ್ಟಡಗಳ ಪ್ರತಿಕೃತಿ ನಿಲ್ಲಿಸಿ, ಒಳಗೆ ಸಾಲಾಗಿ ಕುರ್ಚಿ ಹಾಕಿದವು. ಹಾರಬಲ್ಲ, ಕಾಲು ನೋಯದ ಅವತಾರಗಳಿಗೆ ಕುರ್ಚಿ! ಮಿತಿಯೇ ಇಲ್ಲದ ಜಗತ್ತು ಕೈಗೆ ಸಿಕ್ಕಾಗ ಅವರಿಗೆ ಹೊಳೆದದ್ದು ಉಪನ್ಯಾಸದ ಕೋಣೆ. 2010ರ ಅಕ್ಟೋಬರ್‌ನಲ್ಲಿ ಸೆಕೆಂಡ್ ಲೈಫ್‌ನ ಒಡೆಯ ಲಿಂಡನ್ ಲ್ಯಾಬ್, ಶಿಕ್ಷಣ ಸಂಸ್ಥೆಗಳಿಗೆ ಕೊಡುತ್ತಿದ್ದ ಅರ್ಧ ಬೆಲೆಯ ರಿಯಾಯಿತಿಯನ್ನು ಮುಂದಿನ ಜನವರಿಯಿಂದ ನಿಲ್ಲಿಸುವುದಾಗಿ ಹೇಳಿತು. ದ್ವೀಪಗಳು ಖಾಲಿಯಾಗತೊಡಗಿದವು. 2013ರಲ್ಲಿ ರಿಯಾಯಿತಿ ಮರಳಿದಾಗ ಅನೇಕರು ಗಂಟುಮೂಟೆ ಕಟ್ಟಿ ಹೊರಟಾಗಿತ್ತು.

ಆಮೇಲಿನ ಇತಿಹಾಸವೂ ಇದೇ ಜಾಡಿನದು. ಶಾಲಾ ಮಕ್ಕಳನ್ನು ವರ್ಚುವಲ್ ಪ್ರವಾಸಕ್ಕೆ ಒಯ್ಯುತ್ತಿದ್ದ ಗೂಗಲ್ ಎಕ್ಸ್‌ಪೆಡಿಷನ್ಸ್ 2021ರಲ್ಲಿ ನಿಂತಿತು. ಮೈಕ್ರೋಸಾಫ್ಟ್ ಕೊಂಡಿದ್ದ ಆಲ್ಟ್‌ಸ್ಪೇಸ್ ವಿಆರ್ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಮೊಜಿಲ್ಲಾ ತನ್ನ ಹಬ್ಸ್ ಸೇವೆಯನ್ನು 2024ರ ಮೇ ತಿಂಗಳಲ್ಲಿ ಕೊನೆಗೊಳಿಸಿತು. ಪ್ರತಿ ಸಲವೂ ಅಲ್ಲಿ ಪಾಠ ಕಟ್ಟಿದ ಉಪಾಧ್ಯಾಯರು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಕನ್ನಡಿಗರಿಗೆ ಇಂಥದ್ದೊಂದರ ಹಳೆಯ ಪರಿಚಯವಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಕನ್ನಡದಲ್ಲಿ ಶೈಕ್ಷಣಿಕ ಟಿವಿ ಕಾರ್ಯಕ್ರಮ ಬಂತು. ವರ್ಷ ಮುಗಿದಾಗ ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಪಡೆದರು. ಒಂದು ಮುಖ್ಯ ವ್ಯತ್ಯಾಸ ಮರೆಯಬಾರದು. ಇಸ್ರೋ ಅದನ್ನು ಒಂದು ವರ್ಷದ ಪ್ರಯೋಗವೆಂದು ಮೊದಲೇ ಸಾರಿತ್ತು, ಪರಿಣಾಮವನ್ನು ಅಳೆಯಲು ಸಮಾಜವಿಜ್ಞಾನಿಗಳನ್ನು ನೇಮಿಸಿತ್ತು. ಇಂದಿನವರು ಭವಿಷ್ಯವೆಂದು ಹೇಳಿ ಮಾರುತ್ತಾರೆ, ಮುಚ್ಚುವ ದಿನ ಪ್ರಕಟಣೆ ಹೊರಡಿಸುತ್ತಾರೆ. ಕಾಲ ಕೊಡಿ ಎಂದವರಿಗೆ ಕಾಲವನ್ನು ಕೊಟ್ಟಿದ್ದೇವೆ. ನಿಲ್ಲದೆ ಹೋದವರು ಅವರೇ.

ಆರನೆಯ ಮಾತು: ‘ಇದು ಸಮಾನತೆ ತರುತ್ತದೆ, ಹಳ್ಳಿಯ ಮಗುವೂ ಜಗತ್ತಿನ ಅತ್ಯುತ್ತಮ ಪ್ರಯೋಗಶಾಲೆಗೆ ಕಾಲಿಡುತ್ತದೆ.’ ಕೇಳಲು ಇಂಪಾಗಿದೆ. ಕೇಂದ್ರ ಶಿಕ್ಷಣ ಸಚಿವಾಲಯದ 2023-24ರ ಯುಡೈಸ್ ವರದಿ ಪ್ರಕಾರ ದೇಶದ ಶಾಲೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ. 57.2ರಲ್ಲಿ, ಇಂಟರ್‌ನೆಟ್ ಇದ್ದದ್ದು ಶೇ. 53.9ರಲ್ಲಿ. ಆಗ ಸುಮಾರು ಅರ್ಧದಷ್ಟು ಶಾಲೆಗಳಿಗೆ ಇಂಟರ್‌ನೆಟ್ಟೇ ತಲುಪಿರಲಿಲ್ಲ; ಹೀಗಿರುವಾಗ ಹೆಡ್‌ಸೆಟ್‌ನಿಂದ ಸಮಾನತೆ ಬರುತ್ತದೆ ಎನ್ನುವವರು ಯಾವ ಹಳ್ಳಿಯನ್ನು ಕಂಡಿದ್ದಾರೆ? ಮೇಲೆ ಹೇಳಿದ ಪಿಡಬ್ಲ್ಯುಸಿ ವರದಿಯೇ ವಿಆರ್ ಖರ್ಚು ತರಗತಿಯ ಖರ್ಚಿಗೆ ಸಮನಾಗಬೇಕಾದರೆ 375 ಮಂದಿ ಕಲಿಯುವವರು ಬೇಕು ಎನ್ನುತ್ತದೆ. ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳ ಹಾಜರಿ ಪುಸ್ತಕ ತೆರೆದು ನೋಡಿದವರಿಗೆ ಈ ಸಂಖ್ಯೆ ತಮಾಷೆಯಾಗಿ ಕಾಣುತ್ತದೆ. ವಯಸ್ಸಿನ ಮಾತೂ ಇದೆ. ಮೆಟಾ ಕಂಪನಿ ತನ್ನ ಹೆಡ್‌ಸೆಟ್‌ಗೆ 13 ವರ್ಷದ ಮಿತಿ ಇಟ್ಟಿತ್ತು, 2023ರಲ್ಲಿ ಅದನ್ನು 10ಕ್ಕೆ ಇಳಿಸಿತು. ತಯಾರಕರ ನಿಯಮದಂತೆಯೇ ಒಂದರಿಂದ ನಾಲ್ಕನೇ ತರಗತಿಯ ಬಹುಪಾಲು ಮಕ್ಕಳು ಈ ಸಮಾನತೆಯ ಹೊರಗೆ. ಒಳಗಿರುವವರಿಗಾದರೂ ಸಮಾನತೆ ಇದೆಯೆ? ವಿಆರ್‌ನಲ್ಲಿ ಹೆಂಗಸರಿಗೆ ತಲೆಸುತ್ತು, ಹೊಟ್ಟೆತೊಳಸು ಹೆಚ್ಚು ಎಂಬ ದೂರು ಬಹುಕಾಲದಿಂದ ಇತ್ತು. ಕೇ ಸ್ಟ್ಯಾನಿ ಮತ್ತು ಸಂಗಡಿಗರು 2020ರಲ್ಲಿ ಮುಖ್ಯ ಕಾರಣವನ್ನು ಗುರುತಿಸಿದರು: ಹೆಡ್‌ಸೆಟ್‌ನ ಮಸೂರಗಳ ನಡುವಿನ ಅಂತರ ಅನೇಕ ಹೆಂಗಸರ ಕಣ್ಣುಗಳ ಅಂತರಕ್ಕೆ ಹೊಂದುತ್ತಿರಲಿಲ್ಲ. ಸಮಾನತೆಯ ಯಂತ್ರವನ್ನು ಗಂಡಸಿನ ಮುಖಕ್ಕೆ ಅಳತೆ ಮಾಡಿ ಹೊಲಿದಂತಾಯಿತು.

ಇಲ್ಲಿ ಇನ್ನೊಂದು ಜಾಣ ನುಣುಚಿಕೆಯಿದೆ. ಬೆಲೆ ಹೆಚ್ಚೆಂದು ಆಕ್ಷೇಪಿಸಿದರೆ ‘ರಟ್ಟಿನ ಕನ್ನಡಕಕ್ಕೆ ಮೊಬೈಲ್ ಸಿಕ್ಕಿಸಿದರೂ ಆಯಿತು’ ಎನ್ನುತ್ತಾರೆ. ಪುರಾವೆ ಕೇಳಿದರೆ ದುಬಾರಿ ಯಂತ್ರದಲ್ಲಿ ನಡೆದ ಪ್ರಯೋಗಗಳನ್ನು ತೋರಿಸುತ್ತಾರೆ. ಪುರಾವೆ ಒಂದು ಸರಕಿನದು, ಬೆಲೆ ಇನ್ನೊಂದು ಸರಕಿನದು. ರಟ್ಟಿನ ಕನ್ನಡಕದ ಮಾರಾಟವನ್ನು ಗೂಗಲ್ ಕೂಡ 2021ರಲ್ಲಿ ನಿಲ್ಲಿಸಿತು. ನಿಜಕ್ಕೂ ಸಮಾನತೆಯ ಚಿಂತೆ ಇದ್ದವರು ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯನ್ನು ಹೆಸರಿಸಬೇಕಿತ್ತು. ಐಐಟಿಗಳ ಜೊತೆಗೆ ಸುರತ್ಕಲ್‌ನ ಎನ್‌ಐಟಿಕೆ ಕೂಡ ಪಾಲುದಾರನಾಗಿರುವ ಆ ಯೋಜನೆಯ ಪ್ರಯೋಗಗಳನ್ನು ಸಾಮಾನ್ಯ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಪುಕ್ಕಟೆಯಾಗಿ ಮಾಡಬಹುದು. ಹೆಡ್‌ಸೆಟ್ ಬೇಡ, ಆದ್ದರಿಂದ ಮಾರಲು ಏನೂ ಇಲ್ಲ, ಆದ್ದರಿಂದ ಕೈಪಿಡಿಯಲ್ಲೂ ಅದರ ಸುದ್ದಿಯಿಲ್ಲ.

ಏಳನೆಯ ಮಾತು, ವಾದ ಖಾಲಿಯಾದಾಗ ಬರುವಂಥದ್ದು: ‘ವಿರೋಧಿಸುವವರು ತಂತ್ರಜ್ಞಾನದ ದ್ವೇಷಿಗಳು; ಪ್ರತಿ ಹೊಸ ಸಾಧನವನ್ನೂ ಹೀಗೇ ವಿರೋಧಿಸಿದವರು.’ ಸ್ಟ್ಯಾನ್‌ಫೋರ್ಡ್‌ನ ಜೆರೆಮಿ ಬೇಲನ್‌ಸನ್ 2003ರಿಂದ ಅಲ್ಲಿನ ವಿಆರ್ ಪ್ರಯೋಗಾಲಯದ ಮುಖ್ಯಸ್ಥರು; 2021ರಲ್ಲಿ ವಿದ್ಯಾರ್ಥಿಗಳಿಗೆ ಹೆಡ್‌ಸೆಟ್ ಕಳಿಸಿ ಇಡೀ ಕೋರ್ಸನ್ನೇ ಅದರೊಳಗೆ ನಡೆಸಿದವರು. ಅವರು ಹೇಳುವುದೇನು? ನಿಜ ಜಗತ್ತಿನಲ್ಲಿ ಅಪಾಯಕಾರಿಯಾದ, ಅಸಾಧ್ಯವಾದ, ತೀರಾ ದುಬಾರಿಯಾದ, ಇಲ್ಲವೇ ಮಾಡಿದರೆ ಹಾನಿಯಾಗುವ ಅನುಭವಗಳಿಗಷ್ಟೇ ವಿಆರ್ ಬಳಸಿ. ಒಮ್ಮೆಗೆ ಅರ್ಧ ಗಂಟೆಯ ಆಸುಪಾಸಿನಲ್ಲಿ ನಿಲ್ಲಿಸಿ. ಇವರೂ ತಂತ್ರಜ್ಞಾನ ದ್ವೇಷಿಯೆ? ಇತಿಹಾಸದ ಮಾತು ತೆಗೆದದ್ದೂ ಒಳ್ಳೆಯದೇ ಆಯಿತು. 1913ರಲ್ಲಿ ಥಾಮಸ್ ಎಡಿಸನ್, ಶಾಲೆಗಳಲ್ಲಿ ಪುಸ್ತಕದ ಕಾಲ ಮುಗಿಯಿತು, ಹತ್ತು ವರ್ಷದಲ್ಲಿ ಚಲನಚಿತ್ರ ಇಡೀ ಶಾಲಾ ವ್ಯವಸ್ಥೆಯನ್ನು ಬದಲಿಸುತ್ತದೆ ಎಂದು ಭವಿಷ್ಯ ನುಡಿದಿದ್ದ. ಆಮೇಲೆ ರೇಡಿಯೊ, ಟಿವಿ, ಕಂಪ್ಯೂಟರ್ ಒಂದೊಂದರ ಸರದಿಯಲ್ಲೂ ಇದೇ ಭವಿಷ್ಯವಾಣಿ ಕೇಳಿತು. ಸ್ಟ್ಯಾನ್‌ಫೋರ್ಡ್‌ನ ಲ್ಯಾರಿ ಕ್ಯೂಬನ್ 1986ರಲ್ಲಿ ಈ ಸರಣಿಯ ಚರಿತ್ರೆಯನ್ನೇ ಪುಸ್ತಕವಾಗಿ ಬರೆದರು. 1983ರಲ್ಲಿ ರಿಚರ್ಡ್ ಕ್ಲಾರ್ಕ್ ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ, ಕಲಿಕೆಯನ್ನು ಹೆಚ್ಚಿಸುವುದು ಬೋಧನೆಯ ವಿಧಾನ, ಅದನ್ನು ಸಾಗಿಸುವ ಮಾಧ್ಯಮ ಅಲ್ಲ ಎಂದರು. ಹೊಸ ಸಾಧನದ ಆರಂಭದ ಲಾಭ ವಾರಗಳು ಕಳೆದಂತೆ ಕರಗುವುದನ್ನೂ ತೋರಿಸಿದರು. ಕ್ಲಾರ್ಕ್ ಮಾತನ್ನು ಒಪ್ಪದವರೂ ಇದ್ದಾರೆ, ವಾಗ್ವಾದ ಇಂದಿಗೂ ನಡೆದಿದೆ. ಆದರೆ ತಪ್ಪಿದ ಭವಿಷ್ಯವಾಣಿಗಳ ಪಟ್ಟಿ ಯಾರ ಕಡೆ ಉದ್ದವಿದೆ ಎಂಬುದರ ಬಗ್ಗೆ ವಾಗ್ವಾದಕ್ಕೆ ಎಡೆಯಿಲ್ಲ.

ಏಳೂ ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಹುಟ್ಟಿನ ದಾಖಲೆಯಿಲ್ಲದ ಅಂಕಿ. ಎರಡನೆಯದು ಬೆರಗನ್ನು, ಮೂರನೆಯದು ಗಡಿಯಾರವನ್ನು ಕಲಿಕೆಯೆಂದು ತೋರಿಸುತ್ತದೆ. ನಾಲ್ಕನೆಯದರ ಸಾಕ್ಷಿಗಳು ತಿರುಗಿಬಿದ್ದರು. ಐದನೆಯದು ವಾಯಿದೆ ಕೇಳುತ್ತದೆ, ಆರನೆಯದು ಬಡವರ ಹೆಸರು ಹೇಳಿ ದುಬಾರಿ ಸರಕು ಮಾರುತ್ತದೆ, ಏಳನೆಯದು ಬೈಯುತ್ತದೆ. ಕಲಿಕೆ ಹೆಚ್ಚಾಯಿತೆ ಎಂಬ ಪ್ರಶ್ನೆಗೆ ಏಳರಲ್ಲಿ ಒಂದೂ ನೇರ ಉತ್ತರ ಕೊಟ್ಟಿಲ್ಲ.

ತೀರ್ಪು ಕಠಿಣವೇನೂ ಅಲ್ಲ. ಬೆಂಕಿ ಆರಿಸುವುದನ್ನು, ಗಣಿಯಿಂದ ಪಾರಾಗುವುದನ್ನು, ರೋಗಿಯ ಮೇಲೆ ಮೊದಲ ಸಲ ಕೈಯಿಡುವ ಮುನ್ನ ಕೈ ಪಳಗಿಸುವುದನ್ನು ವರ್ಚುವಲ್ ಜಗತ್ತಿನಲ್ಲಿ ಧಾರಾಳವಾಗಿ ಕಲಿಸಲಿ. ನಿಜ ಜಗತ್ತಿನಲ್ಲಿ ಸುಲಭವಾಗಿ, ಅಗ್ಗವಾಗಿ, ಚೆನ್ನಾಗಿ ಕಲಿಸಬಹುದಾದ್ದನ್ನು ಅಲ್ಲಿಗೆ ಸಾಗಿಸಲು ಸಾರ್ವಜನಿಕರ ಹಣ ಕೇಳುವವರು ಸಾಬೀತುಪಡಿಸುವ ಹೊಣೆಯನ್ನೂ ಹೊರಬೇಕು. ನೀವು ಶಾಲಾಭಿವೃದ್ಧಿ ಸಮಿತಿಯ ಸದಸ್ಯರಾಗಿದ್ದು, ನಾಳೆ ಯಾರಾದರೂ ಹೆಡ್‌ಸೆಟ್‌ಗಳ ದರಪಟ್ಟಿ ಹಿಡಿದು ಬಂದರೆ, ಮಕ್ಕಳ ಕಣ್ಣಿನ ಹೊಳಪಿನ ಫೋಟೊಗಳನ್ನು ಬದಿಗಿಟ್ಟು ಎರಡು ಕಾಗದ ಕೇಳಿ. ಅದೇ ಪಾಠವನ್ನು ಒಳ್ಳೆಯ ಉಪಾಧ್ಯಾಯರೊಬ್ಬರು ಕಲಿಸಿದಾಗಿನ ಪರೀಕ್ಷೆಯ ಅಂಕಗಳ ಜೊತೆಗಿನ ಹೋಲಿಕೆ ಒಂದು. ಕಂಪನಿ ಮುಚ್ಚಿದರೆ ಪಾಠಗಳು ಶಾಲೆಯ ಬಳಿಯೇ ಉಳಿಯುತ್ತವೆಂಬ ಲಿಖಿತ ಕರಾರು ಇನ್ನೊಂದು. ಎರಡೂ ಕೈಗೆ ಬರುವವರೆಗೆ ಚೆಕ್ಕಿಗೆ ಸಹಿ ಹಾಕಬೇಡಿ.